ಸಿ ಸಾಲಿನ ಚಪ್ಪಾಳೆ

ನನಗೊಂದು ಅಭ್ಯಾಸವಿದೆ. ಬಚ್ಚಲುಮನೆಯ ಬಾಗಿಲು ತೆಗೆಯುವ ಮುಂಚೆ ಎರಡು ಸಲ ಚಪ್ಪಾಳೆ ತಟ್ಟುತ್ತೇನೆ. ಕತ್ತಲಾದ ಮೇಲೆ ಹೊರಗಿನಿಂದ ಬಂದರೆ ಬೀಗ ತೆಗೆದು, ಬಾಗಿಲು ತಳ್ಳಿ, ಹೊಸಿಲಿನಾಚೆಯೇ ನಿಂತು ಮತ್ತೆ ಎರಡು ಸಲ. ಗ್ಯಾಸ್ ಸಿಲಿಂಡರಿನ ಹಿಂದೆ ಬಿದ್ದ ಸೌಟು ತೆಗೆಯಬೇಕಾದರೂ ಅಷ್ಟೇ. ಇದೆಲ್ಲ ನಡೆಯುವುದು ಮಲ್ಲತ್ತಹಳ್ಳಿಯ ಬಾಡಿಗೆ ಮನೆಯೊಂದರ ಮೂರನೆಯ ಮಹಡಿಯಲ್ಲಿ. ಗೋಡೆಗೆಲ್ಲ ಬಿಳಿ ಟೈಲ್ಸು. ಇಲ್ಲಿಗೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನನಗೇ ಏದುಸಿರು, ಇನ್ನು ಹಾವಿಗೆ ಯಾವ ಹರಕೆ?

ಕೆಳಗಿನ ಮನೆಯಲ್ಲಿರುವ ಓನರ್ ಹೆಂಡತಿ ಸುಮಾ ಮೊದಮೊದಲು ಸುಮ್ಮನಿದ್ದಳು. ಒಂದು ದಿನ ಬಟ್ಟೆ ಒಣಗಿಹಾಕಲು ಟೆರೇಸಿಗೆ ಹೋಗುತ್ತಿದ್ದವಳು ಬಕೆಟ್ ಸಮೇತ ನನ್ನ ಬಾಗಿಲಲ್ಲಿ ನಿಂತಳು.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನೀವು ಭಜನೆ ಏನಾದ್ರೂ ಮಾಡ್ತೀರಾ?"

"ಇಲ್ಲಮ್ಮ, ಯಾಕೆ?"

"ಚಪ್ಪಾಳೆ ಕೇಳ್ಸುತ್ತಲ್ಲಾ... ಎರಡೇ ಎರಡು. ಆಮೇಲೆ ನಿಂತ್ಹೋಗುತ್ತೆ. ನಮ್ಮತ್ತೆ ಅಂತಿದ್ರು, ಶುರು ಮಾಡಿದ್ಮೇಲೆ ಒಂದ್ ಭಜನೆನಾದ್ರೂ ಪೂರ್ತಿ ಮಾಡ್ಬೇಕಪ್ಪಾ ಅಂತ."

"ಭಜನೆ ಅಲ್ಲ ಸುಮಾ. ಬಾತ್‌ರೂಮಿಗೆ ಹೋಗೋ ಮುಂಚೆ ಹಾವಿಗೆ ಹೇಳ್ಬಿಟ್ಟು ಹೋಗ್ತೀನಿ."

ಅವಳು ಜೋರಾಗಿ ನಕ್ಕಳು. ನಾನು ನಗದಿರುವುದನ್ನು ನೋಡಿ ತಾನೂ ನಿಲ್ಲಿಸಿದಳು. ಗಂಡನನ್ನು ಕಳೆದುಕೊಂಡ ಹೆಂಗಸು, ಒಂಟಿಯಾಗಿದ್ದಾಳೆ, ಏನೋ ಸ್ವಲ್ಪ ಆಗಿರಬೇಕು ಎಂಬ ಮುಖ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಆ ಮುಖ ನನಗೆ ಗೊತ್ತು. ಈಚೆಗೆ ಬಹಳ ಜನರಲ್ಲಿ ನೋಡಿದ್ದೇನೆ.

ನೀವೂ ನಗುವುದಾದರೆ ನಕ್ಕುಬಿಡಿ. ನಗುವವರ ಮೇಲೆ ನನಗೆ ಕೋಪವಿಲ್ಲ. ನನ್ನ ಕೋಪ ಬೇರೆಯವರ ಮೇಲಿದೆ. ಅದಕ್ಕೆ ಬರುತ್ತೇನೆ, ಸ್ವಲ್ಪ ಸುತ್ತು ಬಳಸಿ ಬರುತ್ತೇನೆ.

ಈ ಚಪ್ಪಾಳೆ ಪಂಪ್ ಕಾಲೋನಿಯದು. ಉಲ್ಲಾಳದ ಆಚೆ ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆಯಿತ್ತು. ಅದರ ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳು ಮೂರು ಸಾಲು, ಎ, ಬಿ, ಸಿ. ನಮ್ಮನೆಯವರು ಅಲ್ಲಿ ಫಿಟ್ಟರ್. ನಾನು ಮದುವೆಯಾಗಿ ಬಂದದ್ದು ಸಿ ಹದಿನಾಲ್ಕಕ್ಕೆ, ಸಿ ಸಾಲಿನ ಕಡೆಯ ಮನೆಗೆ. ನಮ್ಮ ಹಿತ್ತಲು ಮುಗಿದಲ್ಲಿ ಬೆಂಗಳೂರೂ ಮುಗಿಯುತ್ತಿತ್ತು. ಆಚೆ ರಾಗಿ ಹೊಲ, ಬಂಡೆ, ಲಾಂಟಾನ ಪೊದೆ, ಅದರಾಚೆ ಏನಿದೆಯೆಂದು ನಾನು ಹೋಗಿ ನೋಡಿದವಳಲ್ಲ. ಬಸ್ಸು ನಮ್ಮಲ್ಲಿಗೆ ಬರುತ್ತಿರಲಿಲ್ಲ. ಉಲ್ಲಾಳದಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆಯಬೇಕಿತ್ತು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಸೀರೆ ಮೊಣಕಾಲಿನ ಹತ್ತಿರ.

ರಾಜಾಜಿನಗರದಲ್ಲಿದ್ದ ನಮ್ಮ ದೊಡ್ಡಮ್ಮ ಮೊದಲ ಸಲ ಬಂದಾಗ ಹೊಸಿಲಲ್ಲಿ ನಿಂತು ಹಣೆ ಒರೆಸಿಕೊಳ್ಳುತ್ತಾ, "ಇದು ಬೆಂಗ್ಳೂರೇನೇ? ನಿಮ್ಮಪ್ಪಂಗೆ ಯಾರೋ ಟೋಪಿ ಹಾಕಿದಾರೆ," ಎಂದರು. ತಂದಿದ್ದ ಮೈಸೂರು ಪಾಕನ್ನು ಕೊಡುವಾಗ ಜೈಲಿನಲ್ಲಿರುವವರಿಗೆ ಕೊಡುವಂತೆ ಕೈಯನ್ನು ಒತ್ತಿ ಹಿಡಿದುಕೊಂಡರು. ಒಂದು ಲೋಟ ನೀರು ಕೇಳಿದರು. ನೀರು ಅರ್ಧ ಲೋಟವೇ ಇತ್ತು. ನೋಡಿ, ಇಡೀ ಕರ್ನಾಟಕದ ಬಾವಿಗಳಿಗೆ ಪಂಪು ಮಾಡಿ ಕಳಿಸುತ್ತಿದ್ದ ಜನ ನಾವು. ನಮ್ಮ ನಲ್ಲಿಯಲ್ಲಿ ಮಾತ್ರ ಗಾಳಿ. ಸಿ ಸಾಲಿನ ಹಿಂದೆ ಆಳವಾದ ಒಂದು ಸಂಪು ಕಟ್ಟಿಸಿ, ಅದಕ್ಕೆ ನಮ್ಮ ಕಾರ್ಖಾನೆಯದೇ ಪಂಪು ಕೂರಿಸಿದ ದಿನ ಹೆಂಗಸರೆಲ್ಲ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದೆವು. ಆರತಿ ಎತ್ತಿದ ಆ ಸಂಪಿನ ಮಾತು ಆಮೇಲೆ ಬರುತ್ತದೆ. ಇರಲಿ.

ಹಾವಿನ ವಿಷಯಕ್ಕೆ ಬರುತ್ತೇನೆ. ಬಚ್ಚಲುಮನೆ ಹಿತ್ತಲಿನಲ್ಲಿತ್ತು. ಹಂಡೆ ಒಲೆಗೆ ಸೌದೆಯ ರಾಶಿ ಅದರ ಪಕ್ಕದಲ್ಲೇ. ನಾನು ಬಂದ ಹೊಸತರಲ್ಲಿ ಒಂದು ಸಂಜೆ ಸೌದೆಗೆ ಕೈ ಹಾಕಿದರೆ ಸೌದೆಯೊಂದು ತಾನಾಗಿ ಸರಿಯಿತು. ನಾನು ಕಿರುಚಿದ ರಭಸಕ್ಕೆ ಎ ಸಾಲಿನವರೆಲ್ಲ ಓಡಿಬಂದರು. ನಮ್ಮನೆಯವರು ದೊಣ್ಣೆ ಹಿಡಿದು ಹಾವಿಗಿಂತ ದೂರದಲ್ಲಿ, ನನಗಿಂತಲೂ ದೂರದಲ್ಲಿ ನಿಂತಿದ್ದರು. ಮರುದಿನ ಬೆಳಿಗ್ಗೆ ಹಾಲು ತಂದ ಉಲ್ಲಾಳದ ಮುನಿಯಮ್ಮ ಬಾಗಿಲಿಗೆ ಒರಗಿಸಿಟ್ಟಿದ್ದ ದೊಣ್ಣೆಯನ್ನು ನೋಡಿ ನಕ್ಕಳು.

"ಯಾಕವ್ವಾ ದೊಣ್ಣೆ? ಅದ್ಕೂ ಸಂಸಾರ ಐತೆ. ನಿಮ್ಗಿಂತ ಮುಂಚೆ ಬಂದಿರೋದು ಅದು. ಎರಡ್ ಚಪ್ಪಾಳೆ ತಟ್ಟು, ಬತ್ತಾ ಇವ್ನಿ ಅಂತ ಏಳು, ಅದರ ಪಾಡಿಗೆ ಅದು ಓಯ್ತದೆ."

ನಮ್ಮನೆಯವರು ಒಳಗಿನಿಂದಲೇ, "ಹಾವಿಗೆ ಕಿವೀನೇ ಇಲ್ಲ ಮುನಿಯಮ್ಮ," ಎಂದರು.

"ಕಿವಿ ಇಲ್ದಿದ್ರೆ ಏನ್ ಸೋಮಿ, ಮರ್ವಾದೆ ಐತೆ," ಎಂದಳು ಅವಳು.

ಅವರು ಅದನ್ನು ನಂಬಲಿಲ್ಲ. ಕಡೆಯವರೆಗೂ ಹಾವಿಗೆ ಕಿವಿಯಿಲ್ಲವೆಂದೇ ವಾದಿಸಿದರು. ಕಡೆಯವರೆಗೂ ನನಗಿಂತ ಜೋರಾಗಿ ಚಪ್ಪಾಳೆಯನ್ನೂ ತಟ್ಟಿದರು. ಫಿಟ್ಟರ್ ಕೈ, ಒಂದೊಂದು ಏಟೂ ಹಲಗೆ ಬಡಿದಂತೆ.

ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬಿ, ವರ್ಷ ತುಂಬುವುದರೊಳಗೆ ಕಾಲೋನಿಗೆ ಕಾಲೋನಿಯೇ ಚಪ್ಪಾಳೆ ತಟ್ಟತೊಡಗಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿವಿಗೊಟ್ಟರೆ ಅಲ್ಲೊಂದು ಇಲ್ಲೊಂದು ಜೋಡಿ ಚಪ್ಪಾಳೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ಗಂಡಸರು ಪೊದೆಯ ಹತ್ತಿರ ತಟ್ಟುತ್ತಾ ಬರುವರು. ಬೀದಿ ದೀಪ ಇನ್ನೂ ಬಂದಿರಲಿಲ್ಲವಲ್ಲ, ಚಪ್ಪಾಳೆ ಕೇಳಿದವರು ತಮ್ಮ ಮನೆಯೊಳಗಿನಿಂದಲೇ "ಯಾರು?" ಎಂದು ಕೂಗುವರು. ತಟ್ಟಿದವರು ಮನೆಯ ನಂಬರು ಮತ್ತು ಹೆಸರು ಹೇಳಬೇಕು. "ಬಿ ಏಳು, ನಂಜುಂಡಪ್ಪ." ಆಯಿತು, ಮುಂದೆ ಹೋಗಬಹುದು. ಇದನ್ನು ಯಾರೂ ಕೂತು ಮಾಡಿದ ನಿಯಮವಲ್ಲ. ಆದರೆ ಚಪ್ಪಾಳೆ ಕೇಳಿಯೂ "ಯಾರು?" ಎನ್ನದವರನ್ನು ಮರುದಿನ ನಲ್ಲಿಯ ಹತ್ತಿರ ಹೆಂಗಸರು ವಿಚಾರಿಸಿಕೊಳ್ಳುತ್ತಿದ್ದರು. "ಏನ್ರೀ, ನಿನ್ನೆ ಕಿವಿಗೆ ಹತ್ತಿ ಇಟ್ಕೊಂಡಿದ್ರಾ?"

ಪಕ್ಕದ ಸಿ ಹದಿಮೂರರ ಸರೋಜಕ್ಕ ಇದರಲ್ಲಿ ಪೊಲೀಸಿನವಳು. ಅವಳ "ಯಾರು?" ಎಂಬ ಕೂಗಿಗೆ ಉಲ್ಲಾಳದ ನಾಯಿಗಳೂ ನಿಲ್ಲುತ್ತಿದ್ದವು. ಒಂದು ಸಲ ಅವಳ ಗಂಡನೇ ಸ್ವಲ್ಪ ಏರಿಸಿಕೊಂಡು ಬಂದು, "ಯಾರು?" ಎಂದದ್ದಕ್ಕೆ "ಹಾವು" ಎಂದುಬಿಟ್ಟ. "ಹಾವಾದ್ರೆ ಸೌದೆ ಹತ್ರ ಮಲ್ಕೋ," ಎಂದು ಚಿಲಕ ಹಾಕಿಕೊಂಡಳು. ಪಾಪ, ಅವನು ನಮ್ಮ ಜಗಲಿಯ ಮೇಲೆ ಮಲಗಿ ಬೆಳಗು ಮಾಡಿದ.

ನನ್ನ ಕಷ್ಟವೇ ಬೇರೆ. ನನ್ನ ಹೆಸರು ಹೇಳಿದರೆ ಮೊದಮೊದಲು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೊಸಬಳು. ಗಂಡನ ಹೆಸರು ಹೇಳಿದರೆ ಗೊತ್ತಾಗುತ್ತಿತ್ತು. ಹೇಳುವವಳು ಯಾರು? ನಮ್ಮಜ್ಜಿ ತಾತನ ಹೆಸರಿನ ಊರಿಗೆ ಟಿಕೆಟ್ ತೆಗೆಸಲಾಗದೆ ಮುಂದಿನ ಸ್ಟಾಪಿನಲ್ಲಿಳಿದು ವಾಪಸು ನಡೆದು ಬರುತ್ತಿದ್ದಳು. ಅವಳ ಕೈಯಲ್ಲಿ ಬೆಳೆದವಳು ನಾನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಆ ಒಂದು ಹೆಸರಿಗೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. "ಸಿ ಹದಿನಾಲ್ಕು" ಎಂದು ಸುಮ್ಮನಾಗುತ್ತಿದ್ದೆ. ಸರೋಜಕ್ಕ ಬಿಡುತ್ತಿರಲಿಲ್ಲ. "ಸಿ ಹದಿನಾಲ್ಕು, ಯಾರು?" "ಸಿ ಹದಿನಾಲ್ಕು!" "ಅದೇ, ಯಾರ ಮನೆ?" "ನಿಮ್ಮ ಪಕ್ಕದ ಮನೆ ಕಣಕ್ಕಾ!" ಒಳಗೆ ನಮ್ಮನೆಯವರು ಬಿದ್ದು ಬಿದ್ದು ನಗುತ್ತಿದ್ದರು. "ಒಂದ್ ಸಲ ಹೇಳಿದ್ರೆ ನಾನೇನ್ ಸವೆದ್ಹೋಗ್ತೀನಾ?" ಎಂದು ಆಮೇಲೆ ರೇಗಿಸುವರು. ನಾನು ಹೇಳಲಿಲ್ಲ. ಮೂವತ್ತು ವರ್ಷವಾದ ಮೇಲೂ ಹೇಳಲಿಲ್ಲ. ಇಲ್ಲಿಯೂ ನೋಡಿ, ಇಷ್ಟು ಬರೆದರೂ "ನಮ್ಮನೆಯವರು" ಎಂದೇ ಬರೆದಿದ್ದೇನೆ.

ಆ ಕಾಲೋನಿ ಬೆಳೆದ ಬಗೆಯನ್ನು ಹೇಳುತ್ತಾ ಹೋದರೆ ನಿಮಗೆ ಬೇಸರವಾದೀತು. ಬಸ್ಸು ಬಂತು, ಕಂಡಕ್ಟರು "ಪಂಪ್ ಕಾಲೋನಿ, ಲಾಸ್ಟು, ಇಳೀರಿ" ಎಂದು ಕೂಗುವುದು ಕೇಳಿ ನಮಗೆಲ್ಲ ಪದವಿ ಸಿಕ್ಕಂತಾಯಿತು. ಸೊಸೈಟಿ ಅಂಗಡಿ ಬಂತು. ಗಣೇಶನ ಶೆಡ್ಡು ಬಂತು, ವರ್ಷಕ್ಕೊಮ್ಮೆ ಆರ್ಕೆಸ್ಟ್ರಾ. ನವೆಂಬರ್ ಪೂರ್ತಿ ಬಾವುಟ. ನಮಗೆ ಮಕ್ಕಳಾಗಲಿಲ್ಲ, ಆದರೆ ಸಿ ಸಾಲಿನ ಮಕ್ಕಳ ಹೋಂವರ್ಕ್ ಅರ್ಧ ನಮ್ಮ ಜಗಲಿಯ ಮೇಲೇ ಆಗುತ್ತಿತ್ತು. ಸರೋಜಕ್ಕನ ಹಿತ್ತಲಿನ ಕರಿಬೇವಿನ ಗಿಡ ಮರವಾಗಿ, ಇಡೀ ಸಾಲಿನ ಒಗ್ಗರಣೆಗೆ ಅದೊಂದೇ ಸಾಕಾಗುತ್ತಿತ್ತು. ಇದೇ ದೊಡ್ಡಮ್ಮ ಗಣೇಶನ ಹಬ್ಬಕ್ಕೆ ಬಂದು, "ಎಷ್ಟ್ ಚೆನ್ನಾಗಿ ಗಾಳಿ ಬರುತ್ತೇ, ನಮ್ಮಲ್ಲಿ ಕಿಟಕಿ ತೆಗದ್ರೆ ಪಕ್ಕದ್ಮನೆ ಗೋಡೆ," ಎಂದು ಎರಡು ದಿನ ಹೆಚ್ಚಿಗೆ ಉಳಿದು ಹೋದರು.

ಹಾಳಾದದ್ದನ್ನು ಮಾತ್ರ ಹೇಳಲೇಬೇಕು. "ಪಂಪ್ ಕಾಲೋನಿ ಹಾಳು ಬಿತ್ತು" ಎನ್ನುತ್ತಾರೆ ಜನ. ಎಲೆ ಬಿತ್ತು, ಮಳೆ ಬಿತ್ತು ಎಂದಹಾಗೆ. ಊರೊಂದು ತಾನಾಗಿ ಹಾಳು ಬೀಳುವುದನ್ನು ನಾನಂತೂ ನೋಡಲಿಲ್ಲ. ನಾನು ನೋಡಿದ್ದು ಹಾಳು ಮಾಡಿದ್ದನ್ನು. ಕಾರ್ಖಾನೆಯವರು ಮೊದಲು ಕ್ಯಾಂಟೀನ್ ಮುಚ್ಚಿದರು, ಆಮೇಲೆ ಒಂದು ಶಿಫ್ಟು, ಆಮೇಲೆ ಗೇಟು. ಜಾಗಕ್ಕೆ ಯಾರೋ ಹೊಸ ಯಜಮಾನರು ಬಂದರು, ಅವರ ಮುಖ ನಾವು ಯಾರೂ ನೋಡಲಿಲ್ಲ. ಮನೆ ಖಾಲಿ ಮಾಡಿದ ದಿನವೇ ಆಳುಗಳು ಬಂದು ಆ ಮನೆಯ ಕಿಟಕಿ, ಬಾಗಿಲು, ಸ್ವಿಚ್ ಬೋರ್ಡು ಕಿತ್ತುಕೊಂಡು ಹೋಗುವರು, ಮತ್ತೆ ಯಾರೂ ಬಂದು ಸೇರದಿರಲಿ ಎಂದು. ಬಾಡಿಗೆ ಮನೆ ಸಿಗದವರು, ಕೋರ್ಟಿನಲ್ಲಿ ಕೇಸಿದೆ ಎಂದು ನಂಬಿದವರು, ಹೀಗೆ ಒಂದಷ್ಟು ಜನ ಉಳಿದೆವು. ನಾವು ಉಳಿದದ್ದನ್ನು ನೋಡಿ ಬೀದಿ ದೀಪ ತೆಗೆದರು. ದೀಪ ಕೆಟ್ಟಿತೆಂದುಕೊಂಡು ನಮ್ಮನೆಯವರು ದೂರು ಕೊಡಲು ಹೋದರೆ, "ಅಲ್ಲಿ ಯಾರೂ ಇಲ್ವಲ್ಲ ಸಾರ್, ವೇಕೆಂಟ್ ಅಂತ ಇದೆ," ಎಂದರಂತೆ. "ನಾನ್ ಎಲ್ಲಿಂದ ಬಂದಿದೀನಿ ಹಾಗಾದ್ರೆ?" ಎಂದು ಇವರು ಕೇಳಿದ್ದಕ್ಕೆ, ಆ ಮನುಷ್ಯ ಕಂಪ್ಯೂಟರಿನಿಂದ ತಲೆ ಎತ್ತದೆ, "ಅದು ನಮ್ಗೆ ಗೊತ್ತಿಲ್ಲ ಸಾರ್," ಎಂದನಂತೆ. ಬಂದು ಹೇಳಿ ನಕ್ಕರು. ನಾನೂ ನಕ್ಕೆ. ಆಗ ನಗು ಬರುತ್ತಿತ್ತು.

ಇನ್ನೊಂದು ವಿಚಿತ್ರ ನೋಡಿ. ಸುತ್ತ ಬರೀ ಪೊದೆಯಿದ್ದಾಗ ನಮ್ಮದು ಊರಾಗಿತ್ತು. ಸುತ್ತ ಊರಾದ ಮೇಲೆ ನಮ್ಮದು ಪೊದೆಯಾಯಿತು. ರಾಗಿ ಹೊಲವಿದ್ದ ಕಡೆ ಲೇಔಟು, ಬಂಡೆ ಒಡೆದ ಕಡೆ ಅಪಾರ್ಟ್‌ಮೆಂಟು. ನಮ್ಮ ಹಿತ್ತಲಿಗೆ ಅಂಟಿಕೊಂಡಂತೆ ಆಳೆತ್ತರದ ಕಾಂಪೌಂಡು, ಅದರಾಚೆ ಸಾಲು ಸಾಲು ಬಾಲ್ಕನಿ, ಒಂದೊಂದರಲ್ಲೂ ತೂಗುಹಾಕಿದ ಹೂಕುಂಡ. ಅಷ್ಟು ದೀಪ, ಅಷ್ಟು ಜನ, ಇಷ್ಟು ಹತ್ತಿರ. ಕತ್ತಲಲ್ಲಿ ನಾವು ಕೂತು ಅವರ ಟಿವಿಯ ಸದ್ದು ಕೇಳುತ್ತಿದ್ದೆವು. ನೀವೇ ಹೇಳಿ, ಆ ಕಾಲದಲ್ಲಿ ಬಿ ಏಳಕ್ಕೂ ಸಿ ಹದಿನಾಲ್ಕಕ್ಕೂ ಇದಕ್ಕಿಂತ ದೂರವಿತ್ತು.

ಸರೋಜಕ್ಕ ಮಗಳ ಮನೆಗೆಂದು ತುಮಕೂರಿಗೆ ಹೋದಳು. ಹೋಗುವಾಗ ಅತ್ತು, ಕರಿಬೇವಿನ ಮರವನ್ನು ನನಗೆ ಒಪ್ಪಿಸಿದಳು. ಆಳುಗಳು ಕೀಳಲು ಬರುವ ಮುಂಚೆಯೇ ನಮ್ಮನೆಯವರು ಅವಳ ಮನೆಯ ಹಿಂಬಾಗಿಲನ್ನು ಬಿಚ್ಚಿಕೊಂಡರು. ಒಳ್ಳೆಯ ಹೊನ್ನೆ ಮರದ ಬಾಗಿಲು. ಹಿಂದಿನ ಸಂಪಿಗೆ ಆ ಹೊತ್ತಿಗೆ ನೀರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು, ಅದರ ಕಬ್ಬಿಣದ ಮುಚ್ಚಳವನ್ನು ಯಾರೋ ಗುಜರಿಗೆ ಹೊತ್ತೊಯ್ದಿದ್ದರು. ಬಾಯಿ ತೆರೆದ ಆಳದ ಗುಂಡಿ. ಇವರು ಬಾಗಿಲನ್ನು ಎಳೆದು ತಂದು ಅದರ ಮೇಲೆ ಮುಚ್ಚಿ, ಅಲುಗಾಡದಂತೆ ಅಂಚಿಗೆಲ್ಲ ಇಟ್ಟಿಗೆ ಕೊಟ್ಟು, ಮೇಲೆ ನಿಂತು ಕುಣಿದು ತೋರಿಸಿದರು. "ಸರೋಜಕ್ಕನ ಬಾಗ್ಲು ಕಣೇ. ಆನೆ ಬಂದ್ರೂ ತಡ್ಕೊಳ್ಳುತ್ತೆ." ಅಂದಿನಿಂದ ಕರಿಬೇವಿನ ಮರಕ್ಕೆ ಅದೇ ದಾರಿ. ಬಾಗಿಲ ಮೇಲೆ ಕಾಲಿಟ್ಟೇ ದಾಟುತ್ತಿದ್ದೆವು. ಕತ್ತಲಲ್ಲೂ ಕಾಲಿಗೆ ಗೊತ್ತಿತ್ತು.

ಆ ದಿನ ನಾನು ಹೊಸಹಳ್ಳಿಯಲ್ಲಿದ್ದೆ. ನನ್ನ ತಂಗಿ ಪದ್ಮ ಅಲ್ಲಿರುವುದು, ಮೆಟ್ರೋ ಸ್ಟೇಷನ್ನಿನ ಹತ್ತಿರ. ಅವಳ ಮನೆಯ ಹಿಂದೆ ಒಂದು ಬಾಡಿಗೆ ಮನೆಯಿದೆಯೆಂದು ನೋಡಲು ಹೋಗಿದ್ದೆ. ಮನೆ ಇಷ್ಟವಾಯಿತು. ಬಿಸಿಲು ಚೆನ್ನಾಗಿ ಬರುತ್ತಿತ್ತು. ಇವರಿಗೆ ಫೋನ್ ಮಾಡಿ ಹೇಳಿದೆ. "ಬೇಗ ಬಾ, ಉಪ್ಪಿಟ್ ಮಾಡಿಟ್ಟಿರ್ತೀನಿ," ಎಂದರು. ಬಸ್ಸು ಸಿಕ್ಕಿತು, ಟ್ರಾಫಿಕ್ಕಿನಲ್ಲಿ ನಿಂತಿತು. ಉಲ್ಲಾಳ ತಲುಪುವಾಗ ಕತ್ತಲಾಗಿತ್ತು.

ಮನೆಯ ದೀಪ ಉರಿಯುತ್ತಿತ್ತು. ಬಾಗಿಲು ತೆರೆದಿತ್ತು. ಒಲೆಯ ಮೇಲೆ ಹುರಿದ ರವೆ ಆರಿ ತಣ್ಣಗಾಗಿತ್ತು, ಹೆಚ್ಚಿದ ಈರುಳ್ಳಿ, ಸೀಳಿದ ಹಸಿಮೆಣಸಿನಕಾಯಿ ತಟ್ಟೆಯಲ್ಲಿ. ಫೋನ್ ಚಾರ್ಜಿಗಿತ್ತು. ಕರಿಬೇವು ಮಾತ್ರ ಕಾಣಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಎರಡು ಸಲ ಚಪ್ಪಾಳೆ ತಟ್ಟಿದೆ. ಎಲ್ಲೋ ಕೆಳಗಿನಿಂದ, ನೆಲದೊಳಗಿನಿಂದ, ಒಂದು ಚಪ್ಪಾಳೆ ಬಂತು. ಒಂದೇ. ಎರಡನೆಯದಕ್ಕೆ ಕಾದೆ. ಬರಲಿಲ್ಲ.

ಸರೋಜಕ್ಕನ ಬಾಗಿಲನ್ನು ಆ ಮಧ್ಯಾಹ್ನವೇ ಯಾರೋ ಹೊತ್ತೊಯ್ದಿದ್ದರು. ಒಳ್ಳೆಯ ಹೊನ್ನೆ ಮರವಲ್ಲವೇ. ಇವರು ಬಾಗಿಲಿದೆಯೆಂದು ನಂಬಿ ಕಾಲಿಟ್ಟಿದ್ದರು.

ನಾನು ಅಪಾರ್ಟ್‌ಮೆಂಟಿನ ಗೇಟಿಗೆ ಓಡಿದೆ. ಸೆಕ್ಯುರಿಟಿಯವನು "ಯಾವ ಫ್ಲ್ಯಾಟು ಮೇಡಂ?" ಎಂದ. "ಫ್ಲ್ಯಾಟಲ್ಲಪ್ಪಾ, ಹಿಂದಿನ ಕಾಲೋನಿ!" ಎಂದೆ. "ಅಲ್ಲಿ ಯಾರೂ ಇಲ್ವಲ್ಲ ಮೇಡಂ," ಎಂದ. ಆ ಮಾತು ಎರಡನೆಯ ಸಲ. ಆಮೇಲೆ ನನ್ನ ಮುಖ ನೋಡಿ ಏಣಿ ಹೊತ್ತು ಓಡಿಬಂದ, ಒಳ್ಳೆಯವನು, ಅವನ ಮೇಲೆ ನನಗೇನೂ ಇಲ್ಲ. ಏಣಿಯ ಮೇಲೆ ಎತ್ತುವಾಗ ಇವರು ಒಂದೇ ಮಾತು ಹೇಳಿದ್ದು. "ಬಾಗ್ಲು ಇರ್ಲಿಲ್ಲ ಕಣೇ." ತಪ್ಪು ತಮ್ಮದಲ್ಲ ಎನ್ನುವ ಹಾಗೆ, ಮಕ್ಕಳು ಹೇಳುವ ಹಾಗೆ. ಆಸ್ಪತ್ರೆಯಲ್ಲಿ ಡಾಕ್ಟರು ಪಕ್ಕೆಲುಬುಗಳು ಮುರಿದಿವೆ, ಕೂಗಲು ಉಸಿರು ಸಾಕಾಗಿರುವುದಿಲ್ಲ ಎಂದರು. ಬೆಳಗಾಗುವುದರೊಳಗೆ ಹೋದರು.

ಕೂಗಲು ಉಸಿರಿರಲಿಲ್ಲ. ಕೈ ಇತ್ತು. ಎಷ್ಟು ಹೊತ್ತು ತಟ್ಟಿದರೋ, ಅಂಗೈ ಕೆಂಪಗೆ ಊದಿಕೊಂಡಿತ್ತು. ಅದನ್ನು ನಾನು ಒರೆಸಿದ್ದೇನೆ.

ಕರ್ಮಾಂತರವೆಲ್ಲ ಮುಗಿದ ಮೇಲೆ ಪಾತ್ರೆ ಪರಡಿ ಕಟ್ಟಲು ಪದ್ಮನ ಜೊತೆ ಕಾಲೋನಿಗೆ ಹೋದೆ. ಕಾಂಪೌಂಡಿನಾಚೆ ಎರಡನೆಯ ಮಹಡಿಯ ಬಾಲ್ಕನಿಯಿಂದ ಒಬ್ಬ ಹೆಂಗಸು ಬಗ್ಗಿ ಮಾತಾಡಿಸಿದಳು. ಮೂವತ್ತರ ವಯಸ್ಸಿರಬೇಕು, ಕೈಯಲ್ಲಿ ಮಗುವಿನ ಬಟ್ಟೆ.

"ಆಂಟಿ, ತುಂಬಾ ಸಾರಿ. ವಾಚ್‌ಮನ್ ಹೇಳ್ದ. ಅವತ್ತು ನಮ್ಗೂ ಕೇಳ್ಸಿತ್ತು ಆಂಟಿ, ಚಪ್ಪಾಳೆ."

ನಾನು ಕೆಳಗಿನಿಂದ ಅವಳನ್ನೇ ನೋಡಿದೆ. "ಕೇಳ್ಸಿತ್ತಾ?"

"ಹೂಂ. ತುಂಬಾ ಹೊತ್ತು. ಯಾರೋ ಮಂಗ ಓಡಿಸ್ತಾ ಇದಾರೆ ಅನ್ಕೊಂಡ್ವಿ. ಪಾಪು ಆಗ್ತಾನೇ ಮಲ್ಗಿದ್ದ, ಏಳ್ತಾನೆ ಅಂತ ಬಾಲ್ಕನಿ ಡೋರ್ ಹಾಕ್ಕೊಂಡ್ವಿ."

ಪದ್ಮ ನನ್ನ ಕೈ ಹಿಡಿದುಕೊಂಡಳು. ನಾನು ಮನೆಯೊಳಗೆ ಬಂದು ಉಪ್ಪಿಟ್ಟಿನ ಬಾಣಲೆಯನ್ನು ಚೀಲಕ್ಕೆ ತುಂಬಿದೆ. ಅವಳು ಕೆಟ್ಟವಳಲ್ಲ, ಗೊತ್ತು. ಕೆಟ್ಟವಳಾಗಿದ್ದರೆ ಹೇಳುತ್ತಲೇ ಇರಲಿಲ್ಲ. ಆದರೆ ಎಷ್ಟು ಬಾಲ್ಕನಿ ಅಲ್ಲಿ! ಒಬ್ಬರಾದರೂ ಹೊರಗೆ ಬಂದು ಒಂದು ಮಾತು, ಒಂದೇ ಮಾತು ಕೇಳಿದ್ದರೆ? ಕುಡಿದು ಬಂದ ಗಂಡನನ್ನೂ ಕೇಳಿದ ಮಾತು. ಸರೋಜಕ್ಕನಿಗೆ ಎಷ್ಟು ಓದು ಬರುತ್ತಿತ್ತು? ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅವಳಿದ್ದಿದ್ದರೆ ಎರಡನೆಯ ಚಪ್ಪಾಳೆಗೆ ಇವರು ಮೇಲಿರುತ್ತಿದ್ದರು.

ಹೊಸಹಳ್ಳಿಯ ಆ ಮನೆಗೆ ನಾನು ಹೋಗಲಿಲ್ಲ. ಇಬ್ಬರಿಗೆಂದು ನೋಡಿದ ಮನೆ ಅದು. ಮುನಿಯಮ್ಮನ ಮೊಮ್ಮಗ ಮಲ್ಲತ್ತಹಳ್ಳಿಯಲ್ಲಿ ಮಹಡಿ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾನೆಂದು ಯಾರೋ ಹೇಳಿದರು. ಹಾಗೆ ಇಲ್ಲಿಗೆ ಬಂದೆ. ಹೌದು, ಚಪ್ಪಾಳೆ ಕಲಿಸಿದವಳ ಮೊಮ್ಮಗನೇ ನನ್ನ ಓನರು. ಅವನ ಹೆಂಡತಿಯೇ ನನ್ನನ್ನು ಭಜನೆಯವಳೆಂದುಕೊಂಡ ಸುಮಾ. ಯಾರನ್ನು ಏನೆಂದು ಬೈಯುವುದು?

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದುಃಖ ಎಲ್ಲರ ಮನೆಯಲ್ಲೂ ಇದೆ. ಮೊನ್ನೆ ಸುಮಾ ಮೊಬೈಲ್ ಹಿಡಿದು ಮೇಲೆ ಬಂದಳು.

"ಆಂಟಿ, ನೀವು ಮುಂಚೆ ಇದ್ರಲ್ಲ, ಅಲ್ಲೇ ಹತ್ರ ಒಂದ್ ದೆವ್ವದ ಕಾಲೋನಿ ಇದ್ಯಂತೆ! ನೋಡಿ, ಎಷ್ಟ್ ಜನ ನೋಡಿದಾರೆ."

ವಿಡಿಯೋದಲ್ಲಿ ಕತ್ತಲು, ಟಾರ್ಚಿನ ಬೆಳಕು. ಬೆಳಕು ಸಿ ಸಾಲಿನ ಮೇಲೆ ಹರಿಯಿತು. ಸರೋಜಕ್ಕನ ಬಾಗಿಲಿಲ್ಲದ ಮನೆ. ನಮ್ಮ ಜಗಲಿ. ಹಿಂದೆ ಒಬ್ಬ ಹುಡುಗ ಪಿಸುಗುಟ್ಟುವ ಧ್ವನಿಯಲ್ಲಿ ಹೇಳುತ್ತಿದ್ದ, "ಫ್ರೆಂಡ್ಸ್, ಸುತ್ತಮುತ್ತ ಇರೋರು ಹೇಳೋ ಪ್ರಕಾರ ಸಂಜೆ ಆದ್ರೆ ಇಲ್ಲಿ ಚಪ್ಪಾಳೆ ಸೌಂಡ್ ಬರುತ್ತೆ. ನೆಲದ ಒಳಗಿಂದ." ಆಮೇಲೆ ಅವರೇ ಸೇರಿಸಿದ ಚಪ್ಪಾಳೆಯ ಸದ್ದು, ದೊಡ್ಡದಾಗಿ, ಗುಹೆಯೊಳಗಿನಂತೆ. ಕೆಳಗೆ ಜನ ನಗುವ ಮುಖಗಳನ್ನು ಹಾಕಿದ್ದರು.

ನೋಡಿ, ಬಾಗಿಲು ಮುಚ್ಚಿಕೊಂಡವರು ಸುಮ್ಮನಿರಲಿಲ್ಲ. ಕಥೆ ಹೇಳಿದ್ದಾರೆ. ಒಬ್ಬ ಮನುಷ್ಯ ಉಸಿರಿರುವವರೆಗೂ ಕರೆದದ್ದನ್ನು ಕೇಳಿಸಿಕೊಂಡು, ಬರದೆ, ಆಮೇಲೆ ಅದನ್ನು ದೆವ್ವ ಮಾಡಿದ್ದಾರೆ. ದೆವ್ವವಾದರೆ ಒಳ್ಳೆಯದಲ್ಲವೇ, ದೆವ್ವಕ್ಕೆ ಯಾರೂ ಏಣಿ ತರಬೇಕಾಗಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಉಲ್ಲಾಳಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ ಅಲ್ಲಿ ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಇವರ ಆ ಚಪ್ಪಾಳೆ ದೆವ್ವದ್ದಾಗಿ ಉಳಿಯಕೂಡದು, ಅಷ್ಟೇ. ನನ್ನ ಪಾಲಿಗೆ ಉಳಿದಿರುವುದು ಅದೊಂದು. ಮನೆ ಹೋಯಿತು, ಮನುಷ್ಯ ಹೋದರು, ಇದನ್ನೂ ಬಿಟ್ಟುಕೊಡಲೇ?

ಕಾಲೋನಿಯ ಗೇಟಿನ ಹತ್ತಿರ ಮೂರು ಬೈಕು ನಿಂತಿದ್ದವು. ಹೊತ್ತು ಮುಳುಗುತ್ತಿತ್ತು. ನಮ್ಮ ಜಗಲಿಯ ಮೇಲೆ, ಮಕ್ಕಳು ಹೋಂವರ್ಕ್ ಮಾಡುತ್ತಿದ್ದ ಜಾಗದಲ್ಲಿ, ಕಾಲೇಜು ಮುಗಿಸಿದಂತಿದ್ದ ನಾಲ್ಕೈದು ಯುವಕರು ಕೂತು ಚಿಪ್ಸ್ ತಿನ್ನುತ್ತಿದ್ದರು. ಕ್ಯಾಮೆರಾಕ್ಕೆ ಕತ್ತಲಾಗಲೆಂದು ಕಾಯುತ್ತಿದ್ದರು. ನನ್ನನ್ನು ನೋಡಿ ಒಬ್ಬ, "ಮಚ್ಚಾ, ಲೋಕಲ್ ಆಂಟಿ, ಬೈಟ್ ತಗೋಳಣ," ಎಂದು ಎದ್ದ.

"ಆಂಟಿ, ಇಲ್ಲಿ ದೆವ್ವ ಇರೋದು ನಿಜಾನಾ? ನೀವ್ ನೋಡಿದೀರಾ?"

"ನೋಡಿದೀನಿ ಕಣಪ್ಪಾ," ಎಂದೆ. "ಮೂವತ್ ವರ್ಷ ಸಂಸಾರ ಮಾಡಿದೀನಿ ಅದರ ಜೊತೆ."

ಇನ್ನೊಬ್ಬ ಕಿಸಕ್ಕೆಂದ. ಎದ್ದವನು ಮಾತ್ರ ನಗಲಿಲ್ಲ. ಫೋನು ಕೆಳಗಿಳಿಸಿದ.

"ಏಳ್ರೋ ಅಲ್ಲಿಂದ. ಅದು ನನ್ ಮನೆ ಜಗಲಿ. ಆ ಸಂಪಲ್ಲಿ ಬಿದ್ದು ಹೋದ್ರಲ್ಲ, ಅವ್ರು ನನ್ ಯಜಮಾನ್ರು. ಹುಬ್ಬಳ್ಳಿವರೆಗೂ ಪಂಪ್ ಹೋಗಿದೆ ಅವ್ರು ಫಿಟ್ ಮಾಡಿದ್ದು. ನಿಮ್ ಅಜ್ಜನ್ ತೋಟದಲ್ಲೂ ಇರ್ಬೋದು, ಹೋಗಿ ನೋಡಿ. ಕರೀತಾ ಇದ್ರು ಕಣ್ರೋ ಅವ್ರು. ಹೆದರ್ಸ್ತಾ ಇರ್ಲಿಲ್ಲ, ಕರೀತಾ ಇದ್ರು!"

ನನ್ನ ಧ್ವನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಖಾಲಿ ಮನೆಗಳಿಗೆ ಬಡಿದು ವಾಪಸು ಬಂತು. ಹುಡುಗರು ಎದ್ದು ನಿಂತರು. "ಸಾರಿ ಆಂಟಿ, ನಮ್ಗೆ ಗೊತ್ತಿರ್ಲಿಲ್ಲ," ಎಂದ ಮೊದಲನೆಯವನು.

"ಗೊತ್ತಾಯ್ತಲ್ಲ ಈಗ. ಅದನ್ನ ಹಾಕಿ ನಿಮ್ ವಿಡಿಯೋದಲ್ಲಿ."

"ಗುರು, ಬಾರೋ," ಎಂದು ಹಿಂದಿನವನು ಅವನ ತೋಳೆಳೆದ. ಚಿಪ್ಸಿನ ಕವರನ್ನು ಮಾತ್ರ ಎತ್ತಿಕೊಂಡೇ ಹೋದರು. ಹಾಕಿದರೋ ಇಲ್ಲವೋ ನನಗೆ ತಿಳಿಯದು.

ನಾನು ಮನೆಯ ಪಕ್ಕದಿಂದ ಹಿಂದಕ್ಕೆ ಹೋದೆ. ಸಂಪಿಗೆ ಮಣ್ಣು ತುಂಬಿಸಿದ್ದಾರೆ, ಆಮೇಲೆ. ಕರಿಬೇವಿನ ಮರ ಮಾತ್ರ ಎಂದಿಲ್ಲದಂತೆ ಚಿಗುರಿತ್ತು. ಅದನ್ನು ನೋಡಿಯೂ ಸಿಟ್ಟು ಬಂತು. ಮರದ ಮೇಲೂ ಸಿಟ್ಟು ಮಾಡಿಕೊಳ್ಳುವ ಹಂತಕ್ಕೆ ಬಂದಿದ್ದೇನೆ, ಏನೆನ್ನುತ್ತೀರಿ. ಕಾಂಪೌಂಡಿನಾಚೆ ಒಂದೊಂದಾಗಿ ದೀಪ ಹತ್ತುತ್ತಿತ್ತು. ಕುಕ್ಕರ್ ಕೂಗುತ್ತಿತ್ತು. ಎಲ್ಲರೂ ಮನೆಯಲ್ಲಿದ್ದರು. ಅವತ್ತೂ ಇದೇ ಹೊತ್ತು.

ಸಂಪಿನ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಎರಡು. ಆಮೇಲೆ ಎರಡು. ಆಮೇಲೆ ಲೆಕ್ಕ ಬಿಟ್ಟು ತಟ್ಟಿದೆ. ಮೂರನೆಯ ಮಹಡಿಯಲ್ಲಿ ಒಂದು ಬಾಲ್ಕನಿಯ ಬಾಗಿಲು ಸರ್ರೆಂದು ಮುಚ್ಚಿತು. ಇನ್ನೂ ಜೋರಾಗಿ ತಟ್ಟಿದೆ. ಅಂಗೈ ಉರಿಯತೊಡಗಿತು. ಉರಿಯಲಿ ಎಂದುಕೊಂಡೆ. ಎಲ್ಲೋ ಒಂದು ಮಗು ಅಳತೊಡಗಿತು. ಅಳಲಿ. ಏಳಲಿ. ಎಲ್ಲರೂ ಏಳಲಿ.

ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳೇ ಹೊರಗೆ ಬಂದಳು, ಆ ಬಾಲ್ಕನಿಯ ಹೆಂಗಸು. ಕತ್ತಲಲ್ಲಿ ನಾನು ಅವಳಿಗೆ ಕಾಣುತ್ತಿರಲಿಲ್ಲ. ಒಂದು ಗಳಿಗೆ ಹಾಗೇ ನಿಂತಳು. ಮತ್ತೆ ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಕಟಕಟೆಗೆ ಬಂದು ಬಗ್ಗಿದಳು.

"ಯಾರು?" ಎಂದಳು. "ಯಾರ್ರೀ ಅಲ್ಲಿ?"

ಎಷ್ಟು ಸುಲಭದ ಮಾತು. ಎಷ್ಟು ಚಿಕ್ಕದು. ನನ್ನ ಕಾಲ ಕೆಳಗೆ ಮಣ್ಣು ತುಂಬಿದ ಮೇಲೆ ಬಂತು.

ಕೇಳಿದ ಮೇಲೆ ಹೇಳಬೇಕು. ಅದು ನಮ್ಮ ಕಾಲೋನಿಯ ಪದ್ಧತಿ.

"ಸಿ ಹದಿನಾಲ್ಕು," ಎಂದೆ. ಅಷ್ಟು ಹೇಳಿ ನಿಲ್ಲಿಸುವುದು ನನ್ನ ಹಳೆಯ ರೂಢಿ. ಆ ಸಂಜೆ ನಿಲ್ಲಿಸಲಿಲ್ಲ. ಇಡೀ ಅಪಾರ್ಟ್‌ಮೆಂಟಿಗೆ ಕೇಳುವ ಹಾಗೆ ಕೂಗಿದೆ.

"ಗಂಗಾಧರಯ್ಯ!"